ಪಶುವೈದ್ಯ ವಿದ್ಯಾರ್ಥಿಗಳಿಗೆ ಸಂಶೋಧನೆ ಮತ್ತು ವಿಜ್ಞಾನ ಸಂವಹನದ ಶಿಕ್ಷಣ

ಪಶುವೈದ್ಯರು ಚಿಕಿತ್ಸೆ ನೀಡುವ ಮೂಕಪ್ರಾಣಿಗಳು ತಮ್ಮ ನೋವನ್ನು ಹೇಳಿಕೊಳ್ಳಲಾರವು. ಆದುದರಿಂದ ಕಣ್ಣಾರೆ ಕಂಡದ್ದು, ಕೈಯಿಂದ ಮುಟ್ಟಿ ಅರಿತದ್ದು, ಸಾಕಿದವರಿಂದ ಕೇಳಿ ತಿಳಿದದ್ದು, ಇವೇ ರೋಗನಿರ್ಣಯಕ್ಕೆ ಮೊದಲ ಆಧಾರಗಳು. ಈ ತಿಳಿವಳಿಕೆ ವೈದ್ಯರ ನೆನಪಿನಲ್ಲಷ್ಟೇ ಉಳಿದರೆ ಒಂದು ಹಸು ಗುಣವಾಗಬಹುದು. ಅದು ಕ್ರಮವಾಗಿ ದಾಖಲಾಗಿ, ಪರೀಕ್ಷೆಗೆ ಒಳಪಟ್ಟು, ಇತರರನ್ನು ತಲುಪಿದರೆ ನಾಡಿನ ಪಶುಸಂಪತ್ತಿಗೂ, ಕೆಲವೊಮ್ಮೆ ಮನುಷ್ಯರ ಪ್ರಾಣಕ್ಕೂ ರಕ್ಷಣೆ ದೊರೆಯುತ್ತದೆ. ಪಶುವೈದ್ಯ ವಿದ್ಯಾರ್ಥಿಗಳಿಗೆ ಸಂಶೋಧನೆಯ ವಿಧಾನವನ್ನೂ ವಿಜ್ಞಾನ ಸಂವಹನವನ್ನೂ ಕಲಿಸಬೇಕೆನ್ನುವುದು ಈ ಕಾರಣದಿಂದಲೇ.

ಪುಣೆಯಲ್ಲಿ ಆರಂಭ

ನಮ್ಮ ದೇಶದಲ್ಲಿ ಪ್ರಾಣಿರೋಗಗಳ ವ್ಯವಸ್ಥಿತ ಸಂಶೋಧನೆಯು ಪುಣೆ ನಗರದಲ್ಲಿ ಆರಂಭವಾಯಿತು. 1889ರಲ್ಲಿ ಅಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿ ಸ್ಥಾಪನೆಗೊಂಡಿತು. ಸಾಂಕ್ರಾಮಿಕ ರೋಗಾಣುಗಳ ಅಧ್ಯಯನಕ್ಕೆ ಜನವಸತಿಯಿಂದ ದೂರವಾದ ಸ್ಥಳ ಅಗತ್ಯವೆನಿಸಿ, 1893ರಲ್ಲಿ ಅದನ್ನು ಹಿಮಾಲಯದ ಮುಕ್ತೇಶ್ವರಕ್ಕೆ ಸ್ಥಳಾಂತರಿಸಲಾಯಿತು. ಇಂದಿನ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಬೆಳೆದು ಬಂದದ್ದು ಅದರಿಂದಲೇ.

ಅಂದಿನ ಸಂಶೋಧಕರ ಮುಂದಿದ್ದ ಬಹು ದೊಡ್ಡ ಸಮಸ್ಯೆ ದನಗಳ ದೊಡ್ಡರೋಗ. 2006ರಲ್ಲಿ ಭಾರತವು ಈ ರೋಗದಿಂದ ಮುಕ್ತವೆಂದು ಅಂತರರಾಷ್ಟ್ರೀಯ ಮಾನ್ಯತೆ ಪಡೆಯಿತು. 2011ರಲ್ಲಿ ಜಗತ್ತಿನಿಂದಲೇ ಅದು ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಈ ಗೆಲುವಿಗೆ ಲಸಿಕೆಯೊಂದೇ ಸಾಕಾಗಲಿಲ್ಲ. ರೋಗ ಇಲ್ಲವೆಂಬುದನ್ನು ಪ್ರಮಾಣಸಹಿತ ತೋರಿಸಲು ಹಳ್ಳಿಹಳ್ಳಿಗಳಲ್ಲಿ ಶೋಧ ನಡೆಸಿ, ಕಂಡದ್ದನ್ನು ನಿಖರವಾಗಿ ವರದಿ ಮಾಡಬೇಕಾಯಿತು.

ಕ್ಯಾಸನೂರು ಕಾಡಿನ ಪಾಠ

ಪುಣೆಗೂ ಕರ್ನಾಟಕಕ್ಕೂ ಈ ವಿಷಯದಲ್ಲಿ ಇನ್ನೊಂದು ನಂಟಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸಾಯತೊಡಗಿದವು. ಅದೇ ಪ್ರದೇಶದ ಜನರಲ್ಲಿ ತೀವ್ರ ಜ್ವರ ಕಾಣಿಸಿಕೊಂಡಿತು. 1952ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸ್ಥಳಕ್ಕೆ ಬಂದು ಅಧ್ಯಯನ ಕೈಗೊಂಡರು. ಮಂಗಗಳ ಸಾವಿನಿಂದಾಗಿ ಮೊದಲು ಹಳದಿ ಜ್ವರದ ಶಂಕೆ ಮೂಡಿತ್ತು. ಪರೀಕ್ಷೆಯಿಂದ ಅದು ಹೊಸದೊಂದು ವೈರಸ್ ಎಂದು ದೃಢಪಟ್ಟಿತು. ಅದನ್ನು ಹರಡುವುದು ಕಾಡಿನ ಉಣುಗು ಎಂಬುದೂ ತಿಳಿದುಬಂತು. ಜನರು ಇದನ್ನು ಮಂಗನ ಕಾಯಿಲೆ ಎಂದು ಕರೆದರು.

ಕಾಡಿನಲ್ಲಿ ಮೇಯುವ ದನಗಳ ಮೈಮೇಲೆ ಉಣುಗುಗಳು ಹೆಚ್ಚುವುದರಿಂದ ಇದು ಪಶುವೈದ್ಯರಿಗೂ ಸಂಬಂಧಿಸಿದ ವಿಷಯವಾಗಿದೆ. ಮಂಗ ಸತ್ತಾಗ ಅದರ ಮೈಯಲ್ಲಿದ್ದ ಉಣುಗುಗಳು ಸುತ್ತಲಿನ ನೆಲಕ್ಕೆ ಇಳಿಯುತ್ತವೆ. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಮುಟ್ಟಿ ಸುಡುವ ಕೆಲಸದಲ್ಲಿ ತೊಡಗಿದ್ದವರಿಗೆ ಈ ಕಾಯಿಲೆ ತಗುಲಿತು. ಐವತ್ತೈದು ವರ್ಷಗಳ ಹಿಂದೆ ಕಂಡುಕೊಂಡ ಅರಿವು ಕೂಡ ಕಾಡಿನಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಮತ್ತೆ ಮತ್ತೆ ತಲುಪುತ್ತಿರಬೇಕೆಂಬುದನ್ನು ಇದು ನೆನಪಿಸುತ್ತದೆ.

ಸಂಶೋಧನೆಯ ಕ್ರಮ

ವಿದ್ಯಾರ್ಥಿಯು ರೂಢಿಸಿಕೊಳ್ಳಬೇಕಾದ ಅಭ್ಯಾಸಗಳು ಮುಖ್ಯವಾಗಿ ನಾಲ್ಕು.

1. ದಾಖಲೆ: ಪ್ರಾಣಿಯ ತಳಿ, ವಯಸ್ಸು, ಮೇವು, ದೇಹದ ಉಷ್ಣತೆ, ರೋಗಲಕ್ಷಣ ಕಂಡ ದಿನ ಇವುಗಳನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಕಂಡದ್ದು ಬೇರೆ, ಊಹಿಸಿದ್ದು ಬೇರೆ, ಇವೆರಡನ್ನೂ ಬೆರೆಸಬಾರದು.

2. ಪ್ರಶ್ನೆ: ಉತ್ತರ ದೊರೆಯಬಹುದಾದ, ಸೀಮಿತವಾದ ಪ್ರಶ್ನೆಯನ್ನು ಆರಿಸಿಕೊಳ್ಳಬೇಕು. ‘ಕರುಗಳು ಏಕೆ ಸಾಯುತ್ತವೆ?’ ಎಂಬುದಕ್ಕಿಂತ ‘ಹುಟ್ಟಿದ ಕೆಲವೇ ಗಂಟೆಗಳಲ್ಲಿ ಗಿಣ್ಣುಹಾಲು ಕುಡಿದ ಕರುಗಳಲ್ಲಿ ಭೇದಿ ಕಡಿಮೆಯೆ?’ ಎಂಬುದು ಪರೀಕ್ಷಿಸಲು ಯೋಗ್ಯವಾದ ಪ್ರಶ್ನೆ.

3. ಹೋಲಿಕೆ: ಹತ್ತು ಕರುಗಳಿಗೆ ಜಂತುನಾಶಕ ಕೊಟ್ಟು ಅವುಗಳ ತೂಕ ಹೆಚ್ಚಿತೆಂದು ಭಾವಿಸೋಣ. ಇದು ಔಷಧದ ಫಲವೆನ್ನಲಾಗದು; ಬೆಳೆಯುವ ಕರು ಹೇಗಿದ್ದರೂ ತೂಗುತ್ತದೆ. ಅದೇ ಮೇವು, ಅದೇ ಕೊಟ್ಟಿಗೆಯಲ್ಲಿದ್ದು ಔಷಧ ಪಡೆಯದ ಇನ್ನೊಂದು ಗುಂಪಿನೊಡನೆ ಹೋಲಿಸಬೇಕು. ಯಾವ ಕರು ಯಾವ ಗುಂಪಿಗೆಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು ಉತ್ತಮ.

4. ಪ್ರಾಮಾಣಿಕತೆ: ನಿರೀಕ್ಷೆಗೆ ವಿರುದ್ಧವಾದ ಫಲಿತಾಂಶವನ್ನೂ ಮರೆಮಾಚದೆ ತಿಳಿಸಬೇಕು. ಗುಣವಾಗದ ಪ್ರಾಣಿಯನ್ನು ಲೆಕ್ಕದಿಂದ ಬಿಟ್ಟರೆ ಮುಂದೆ ಆ ಚಿಕಿತ್ಸೆಯನ್ನು ನಂಬಿದ ರೈತ ನಷ್ಟಕ್ಕೊಳಗಾಗುತ್ತಾನೆ.

ಎರಡು ಬಗೆಯ ಓದುಗರು

ಸಂಶೋಧನಾ ಲೇಖನದಲ್ಲಿ ಉದ್ದೇಶ, ವಿಧಾನ, ಫಲಿತಾಂಶ ಮತ್ತು ವಿಮರ್ಶೆ ಪ್ರತ್ಯೇಕವಾಗಿರುತ್ತವೆ. ಮತ್ತೊಬ್ಬ ವಿಜ್ಞಾನಿ ಅದನ್ನು ಓದಿ ಅದೇ ಪ್ರಯೋಗವನ್ನು ಪುನಃ ಮಾಡಿ ನೋಡುವಂತಿರಬೇಕು. ಪಶುಪಾಲಕರ ಅಗತ್ಯ ಇದಕ್ಕಿಂತ ಭಿನ್ನವಾದುದು. ಉದಾಹರಣೆಗೆ, ಬಾಹ್ಯ ಲಕ್ಷಣಗಳಿಲ್ಲದ ಕೆಚ್ಚಲು ಬಾವಿನಲ್ಲಿ ಹಾಲಿನ ಜೀವಕೋಶಗಳ ಸಂಖ್ಯೆ ಏರುತ್ತದೆ ಎಂದು ಲೇಖನದಲ್ಲಿ ಬರೆಯಬಹುದು. ಕೊಟ್ಟಿಗೆಯ ಮುಂದೆ ನಿಂತಾಗ ಹೀಗೆ ಹೇಳುವುದು ಲೇಸು: “ಹಾಲು ನೋಡಲು ಚೆನ್ನಾಗಿದ್ದರೂ ಕೆಚ್ಚಲಿನೊಳಗೆ ಬಾವು ಇರಬಹುದು. ಕರೆಯುವ ಮೊದಲು ಕೈಯನ್ನೂ ಕೆಚ್ಚಲನ್ನೂ ತೊಳೆದು ಒರೆಸಿರಿ. ಕರೆದ ಮೇಲೆ ಮೊಲೆತೊಟ್ಟುಗಳನ್ನು ನಂಜುನಿವಾರಕ ದ್ರಾವಣದಲ್ಲಿ ಅದ್ದಿರಿ. ಹಸು ಕೂಡಲೇ ಮಲಗದಂತೆ ಮುಂದೆ ಮೇವು ಹಾಕಿರಿ.” ಎರಡೂ ಒಂದೇ ವಿಜ್ಞಾನ, ಭಾಷೆ ಮಾತ್ರ ಬೇರೆ.

ಶಿಕ್ಷಣದಲ್ಲಿ ಸ್ಥಾನ

ಭಾರತೀಯ ಪಶುವೈದ್ಯಕೀಯ ಪರಿಷತ್ತಿನ 2016ರ ನಿಯಮಗಳಂತೆ ಪದವಿ ಶಿಕ್ಷಣದ ಅವಧಿ ಐದೂವರೆ ವರ್ಷ. ಇದರಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿದೆ. ಪ್ರಬಂಧ ರಚನೆ ಸ್ನಾತಕೋತ್ತರ ಹಂತಕ್ಕೆ ಮೀಸಲಾದರೂ, ಸಂಶೋಧನಾ ದೃಷ್ಟಿಗೆ ಈ ಒಂದು ವರ್ಷವೇ ತಕ್ಕ ಬುನಾದಿ. ಪ್ರತಿ ವಿದ್ಯಾರ್ಥಿಯೂ ಈ ಅವಧಿಯಲ್ಲಿ ತಾನು ಕಂಡ ಒಂದು ಪ್ರಕರಣವನ್ನು ಎರಡು ರೀತಿಯಲ್ಲಿ ಬರೆಯಲಿ: ಸಹಪಾಠಿಗಳ ವಿಮರ್ಶೆಗೆ ಒಂದು ವರದಿ, ರೈತರಿಗಾಗಿ ಕನ್ನಡದಲ್ಲಿ ಒಂದು ಪುಟದ ಸೂಚನೆ. ಆ ಸೂಚನೆಯನ್ನು ಒಬ್ಬ ಪಶುಪಾಲಕರಿಗೆ ಓದಿ ಹೇಳಿ, ಅವರಿಗೆ ಅರ್ಥವಾದುದೇನೆಂದು ಕೇಳಿ ತಿದ್ದಿಕೊಳ್ಳಲಿ.

ಕಾಡಿನಲ್ಲಿ ಮಂಗ ಸತ್ತುಬಿದ್ದುದನ್ನು, ಕೊಟ್ಟಿಗೆಯಲ್ಲಿ ಹಸು ಮೇವು ಬಿಟ್ಟುದನ್ನು ಮೊದಲು ಕಾಣುವವರು ಹಳ್ಳಿಯ ಜನರು. ಅವರ ಮಾತನ್ನು ಗೌರವದಿಂದ ಕೇಳಿ, ಪರೀಕ್ಷಿಸಿ, ಫಲವನ್ನು ಅವರಿಗೇ ತಿಳಿಯುವ ನುಡಿಯಲ್ಲಿ ಮರಳಿಸಿದಾಗ ಪಶುವೈದ್ಯ ವಿಜ್ಞಾನದ ಶ್ರಮ ಸಾರ್ಥಕವಾಗುತ್ತದೆ.