ಒಂದು ಹೆಸರಿಗಾದರೂ ನಿಲ್ಲು

ವಾಷಿಂಗ್ಟನ್ನಿಗೆ ಹೊರಟಿದ್ದೀಯಂತೆ, ಒಂದೇ ದಿನಕ್ಕೆ ಹನ್ನೆರಡು ಜಾಗದ ಪಟ್ಟಿಯನ್ನೂ ಮಾಡಿಕೊಂಡಿದ್ದೀಯಂತೆ. ಸರಿ ಮಗೂ, ಕಾಲಲ್ಲಿ ಚಕ್ರ ಇರುವ ವಯಸ್ಸು. ಆದರೆ ವಿಯೆಟ್ನಾಂ ಯುದ್ಧದ ಸ್ಮಾರಕಕ್ಕೆ ಹತ್ತು ನಿಮಿಷ ಅಂತ ಬರೆದಿದ್ದೀಯಲ್ಲ, ಅದಕ್ಕೆ ಗೀಟು ಎಳೆ. ಒಂದು ಗಂಟೆ ಕೊಡು.

ಅಲ್ಲಿರುವುದು ಕರಿಕಲ್ಲಿನ ಗೋಡೆ. ಕಲ್ಲು ನಮ್ಮ ಬೆಂಗಳೂರಿನ ಕಡೆಯಿಂದಲೇ ಹೋದದ್ದು. ಹಾಗಂತ ಎದೆ ಉಬ್ಬಿಸಿಕೊಂಡು ಸೆಲ್ಫಿ ಹೊಡೆಯಬೇಡ, ಮೊದಲು ಓದು. 58,000ಕ್ಕೂ ಹೆಚ್ಚು ಹೆಸರು ಕೆತ್ತಿದ್ದಾರೆ. ಹುದ್ದೆ ಬರೆದಿಲ್ಲ; ಕರ್ನಲ್ಲೂ ಸಿಪಾಯಿಯೂ ಒಂದೇ ಸಾಲು. ಅಕಾರಾದಿಯೂ ಅಲ್ಲ, ಬಿದ್ದ ದಿನದ ಕ್ರಮ. ಹಾಗಾಗಿ ಒಂದೇ ಕಾಳಗದಲ್ಲಿ ಹೋದ ಗೆಳೆಯರು ಕಲ್ಲಿನ ಮೇಲೂ ಹತ್ತಿರ ಹತ್ತಿರವೇ ಇದ್ದಾರೆ. ಇದನ್ನೆಲ್ಲ ಯೋಚಿಸಿದವಳು ಮಾಯಾ ಲಿನ್. ಆಗ ಅವಳಿಗೆ 21, ಇನ್ನೂ ಕಾಲೇಜಿನಲ್ಲಿದ್ದಳು. 1,421 ವಿನ್ಯಾಸಗಳಲ್ಲಿ ಅವಳದನ್ನು ಆರಿಸಿದರು. ಕಪ್ಪು ಗೋಡೆ ಅಂದರೆ ಅವಮಾನ ಅಂತ ದೊಡ್ಡ ದೊಡ್ಡವರು ಕೂಗಾಡಿದರು. ಹುಡುಗಿ ಜಗ್ಗಲಿಲ್ಲ. 1982ರಲ್ಲಿ ಗೋಡೆ ಎದ್ದಿತು.

ನಡೆಯುವಾಗ ನೋಡು, ಶುರುವಿನಲ್ಲಿ ಗೋಡೆ ಪಾದದ ಎತ್ತರಕ್ಕಿರುತ್ತೆ. ನೀನು ಇಳಿಯುತ್ತ ಹೋದ ಹಾಗೆ ಅದು ಏರುತ್ತೆ, ನಟ್ಟನಡುವೆ ಹತ್ತಡಿ. ಹೊಳಪು ಕೊಟ್ಟ ಕಲ್ಲು. ಹೆಸರುಗಳ ನಡುವೆ ನಿನ್ನ ಮುಖವೇ ಕಾಣುತ್ತೆ. ಕರುಳು ಹಿಂಡಿದರೆ ಹಿಂಡಲಿ, ಫೋನ್ ಕಡೆ ತಿರುಗಬೇಡ. ನಾನು ಹೋದಾಗ ಬೇಸಿಗೆ, ಕಲ್ಲು ಕಾದ ಕಾವಲಿಯಂತಿತ್ತು. ಮುದುಕನೊಬ್ಬ ಒಂದು ಹೆಸರಿನ ಮೇಲೆ ಅಂಗೈ ಇಟ್ಟವನು ತೆಗೆಯಲೇ ಇಲ್ಲ. ಗಲಾಟೆ ಮಾಡುತ್ತ ಬಂದ ಶಾಲೆಯ ಮಕ್ಕಳು ಅವನನ್ನು ಕಂಡು ತಾವಾಗಿಯೇ ಬಳಸಿಕೊಂಡು ಹೋದರು.

ಆ ಯುದ್ಧ ಸರಿಯೋ ತಪ್ಪೋ ಅಂತ ವಾದ ಮಾಡು, ಮಾಡಲೇಬೇಕು. ಸತ್ತ ಲಕ್ಷಾಂತರ ವಿಯೆಟ್ನಾಮಿಗರ ಹೆಸರು ಈ ಗೋಡೆಯಲ್ಲಿಲ್ಲ ಅನ್ನುವುದನ್ನೂ ನೆನಪಿಡು. ಆದರೆ ಗೋಡೆಯ ಮುಂದೆ ವಾದ ಬೇಡ. ಪಕ್ಕದಲ್ಲಿ ನಿಂತವರು ಅಣ್ಣನನ್ನು ಹುಡುಕುತ್ತಿರಬಹುದು.

ದಾರಿಯ ತುದಿಯಲ್ಲಿ ಹೆಸರುಗಳ ಪುಸ್ತಕ ಇರುತ್ತೆ. ಯಾವ ಫಲಕ, ಎಷ್ಟನೇ ಸಾಲು ಅಂತ ಅದರಲ್ಲಿದೆ. ವಯಸ್ಸಾದವರು ಪರದಾಡುತ್ತಿದ್ದರೆ ಹುಡುಕಿಕೊಡು, ನಿನ್ನ ಕಣ್ಣು ಚುರುಕಾಗಿದೆ. ಹೆಸರಿನ ಮೇಲೆ ಕಾಗದವಿಟ್ಟು, ಪೆನ್ಸಿಲ್ ಉಜ್ಜಿ, ಅಚ್ಚು ತೆಗೆದುಕೊಂಡು ಹೋಗುತ್ತಾರೆ. ಕಾಗದ ಜಾರದಂತೆ ಹಿಡಿಯಲು ಇನ್ನೊಂದು ಕೈ ಬೇಕಾಗುತ್ತೆ. ಕೇಳಿದರೆ ಹಿಡಿದುಕೋ, ಬಸ್ಸು ತಪ್ಪಿದರೂ ಚಿಂತೆಯಿಲ್ಲ.