ಸೀಟಿನ ಬೆನ್ನು ನೋಡಪ್ಪ

ಹ್ಯೂಯಿ ಹೆಲಿಕಾಪ್ಟರಿನ ಪೈಲಟ್ ಸೀಟು ಮಾರಾಟಕ್ಕಿದೆ, ತಗೊಳ್ಳಲಾ ದೊಡ್ಡಪ್ಪ ಅಂತ ಕೇಳಿದ್ದೀಯ. ತಗೋ, ಬೇಡ ಅನ್ನೋದಿಲ್ಲ. ಹ್ಯೂಯಿ ಮಾಡಿದ ಬೆಲ್ ಕಂಪನಿಯ ಫೋರ್ಟ್‌ವರ್ತ್ ಪಕ್ಕದಲ್ಲೇ, ಡಲ್ಲಾಸಿನಲ್ಲಿ ಇರುವ ನಿನಗೆ ಈ ಹುಚ್ಚು ಹಿಡಿಯದೆ ಇನ್ಯಾರಿಗೆ ಹಿಡಿಯಬೇಕು? ಮಾರುವವನು ಹೇಳುವ ವಿಯೆಟ್ನಾಂ ಕಥೆಯನ್ನೂ ಕೇಳಿಸಿಕೋ. ದುಡ್ಡನ್ನು ಮಾತ್ರ ಸೀಟಿಗೆ ಕೊಡು, ಕಥೆಗೆ ಕೊಡಬೇಡ.

ಮೊದಲು ಅದನ್ನು ತಿರುಗಿಸಿ ಬೆನ್ನು, ತಳ ನೋಡು. ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ ಚೇತಕ್ ಹೆಲಿಕಾಪ್ಟರುಗಳ ಜೊತೆ ವಯಸ್ಸು ಕಳೆದವನು ನಾನು. ಯಾವ ಬಿಡಿಭಾಗ ಕೈಗೆ ಬಂದರೂ ಮೊದಲು ಮಗುಚಿ ನೋಡುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಮುಂದಿನ ಕಡೆಗೆ ಹೊಸ ಕುಶನ್ ಹಾಕಿ ಹಸಿರು ಬಣ್ಣ ಬಳಿಯುವುದು ಯಾರಿಗೂ ಕಷ್ಟವಲ್ಲ. ಹಿಂದೆ ನೇಮ್‌ಪ್ಲೇಟ್ ಇರುತ್ತದೆ, ಇನ್‌ಸ್ಪೆಕ್ಟರ್‌ಗಳು ಒತ್ತಿದ ಪುಟ್ಟ ಮುದ್ರೆಗಳಿರುತ್ತವೆ. ಬೆಲ್ ಕಂಪನಿಯ ಪಾರ್ಟ್ ನಂಬರ್ 204ರಿಂದ ಶುರುವಾದರೆ ಅದು ಯುಎಚ್-1ಬಿ ಕಾಲದ ವಿನ್ಯಾಸ, 205 ಆದರೆ ಉದ್ದ ಹೊಟ್ಟೆಯ ಡಿ, ಎಚ್ ಮಾದರಿಗಳದ್ದು. ಆದರೆ 204ರ ಎಷ್ಟೋ ಭಾಗಗಳು 205ರಲ್ಲೂ ಹಾಗೇ ಮುಂದುವರಿದವು. ಪ್ಲೇಟಿನಲ್ಲಿ ಸೀಟು ತಯಾರಿಸಿದ ಬೇರೆ ಕಂಪನಿಯ ನಂಬರಷ್ಟೇ ಇದ್ದರೂ ಗಾಬರಿ ಬೇಡ, ಅಮೆರಿಕನ್ ಸೇನೆಯ ಟಿಎಂ 55-1520-210 ಸರಣಿಯ ಬಿಡಿಭಾಗಗಳ ಕೈಪಿಡಿ ತೆಗೆದು ತಾಳೆ ಹಾಕು.

ಸ್ಟಾಕ್ ನಂಬರ್ ಇದ್ದರೆ ಅಂಕಿಗಳನ್ನು ಎಣಿಸು. 1974ರವರೆಗೆ ಅಮೆರಿಕನ್ನರದ್ದು 11 ಅಂಕಿ, ಆಮೇಲೆ 13. ಹೊಸದಾಗಿ ನಡುವೆ ಸೇರಿದ ಎರಡು ಅಂಕಿ ದೇಶ ಹೇಳುತ್ತವೆ. 00, 01 ಅಮೆರಿಕದ್ದು, 14 ಫ್ರಾನ್ಸಿನದು. 1968ರಲ್ಲಿ ಯುದ್ಧಭೂಮಿಯಿಂದ ಬಂದದ್ದು ಅಂತ ತೋರಿಸುವ ಸೀಟಿನಲ್ಲಿ 13 ಅಂಕಿಯ ಪ್ಲೇಟ್ ಕಂಡರೆ ಪ್ಲೇಟಾದರೂ ಆಮೇಲಿನದು, ಇಲ್ಲಾ ಕಥೆಯಾದರೂ ಆಮೇಲಿನದು. ಬೆಲ್ಟಿನ ಚೀಟಿಯಲ್ಲಿ ತಯಾರಾದ ತಿಂಗಳು, ವರ್ಷ ಸಿಕ್ಕೀತು. ಬೆಲ್ಟನ್ನು ಆಗಾಗ ಬದಲಿಸುವುದರಿಂದ ಅದು ಸೀಟಿನ ವಯಸ್ಸಲ್ಲ ಅನ್ನುವುದು ನೆನಪಿರಲಿ.

ಕವಚದ ಸೀಟಿಗೇ ಬೆಲೆ ಹೆಚ್ಚು, ಮೋಸವೂ ಅಲ್ಲೇ ಹೆಚ್ಚು. ಶುರುವಿನ ಹ್ಯೂಯಿಗಳಲ್ಲಿ ಪೈಲಟ್ ಕೂರುತ್ತಿದ್ದದ್ದು ಕೊಳವೆ ಚೌಕಟ್ಟಿಗೆ ಬಲೆಬಟ್ಟೆ ಬಿಗಿದ ಹಗುರ ಸೀಟಿನ ಮೇಲೆ. ಕೆಳಗಿನಿಂದ ಬರುವ ಗುಂಡಿಗೆ ಅದು ಯಾವ ಲೆಕ್ಕ? ಅರವತ್ತರ ದಶಕದ ನಡುವಿನಲ್ಲಿ ಕವಚ ಬಂತು: ಗುಂಡನ್ನು ಪುಡಿ ಮಾಡಲು ಮುಂದೆ ಗಟ್ಟಿ ಸೆರಾಮಿಕ್, ಚೂರುಗಳನ್ನು ತಡೆಯಲು ಹಿಂದೆ ಫೈಬರ್‌ಗ್ಲಾಸ್. ಬಾಗಿಲ ಕಡೆಯ ಭುಜಕ್ಕೆ ಹಿಂದೆ ಮುಂದೆ ಜಾರುವ ಒಂದು ಹಲಗೆ. ಅದು ಯಾವ ಪಕ್ಕದಲ್ಲಿದೆ ನೋಡಿದರೆ ಎಡದ ಸೀಟೋ ಬಲದ್ದೋ ತಿಳಿಯುತ್ತದೆ. ಬೆನ್ನಿನ ಕೆಂಪು ಹಿಡಿಕೆಯನ್ನೂ ಹುಡುಕು. ಗಾಯಗೊಂಡ ಪೈಲಟ್‌ನನ್ನು ಹಿಂದಿದ್ದವರು ಸೀಟು ಸಮೇತ ಮಲಗಿಸಿ ಹೊರಗೆಳೆಯಲು ಮಾಡಿದ್ದು ಅದು. ನನಗೆ ಇಡೀ ಸೀಟಿನಲ್ಲಿ ಮನಸ್ಸಿಗೆ ಹಿಡಿಸಿದ ಭಾಗ ಅದೇ. ಸಿನಿಮಾಕ್ಕೆ ಅಂತ ಮಾಡಿದ ಬರೀ ಫೈಬರ್‌ಗ್ಲಾಸ್ ಸೀಟುಗಳೂ ಪೇಟೆಗೆ ಬರುತ್ತವೆ. ಒಂದೇ ಕೈಯಲ್ಲಿ ಎತ್ತಲು ಬಂದರೆ ಅಲ್ಲಿಗೆ ಮುಗಿಯಿತು.

ಇನ್ನು ಸೈನಿಕರು ಕೂರುತ್ತಿದ್ದ ಮಡಚುವ ಬಟ್ಟೆ ಸೀಟು. ಅಗ್ಗದಲ್ಲಿ ಸಿಗುತ್ತದೆ, ಆದರೆ ಕಾಳಗದ ಕಥೆ ಸೇರಿಸಿ ಬೆಲೆ ಏರಿಸಿದರೆ ನಂಬಬೇಡ. ವಿಯೆಟ್ನಾಂನಲ್ಲಿ ತೂಕ ಇಳಿಸಲು, ಬೇಗ ಹಾರಿ ಇಳಿಯಲು ಆ ಸೀಟುಗಳನ್ನು ಬಹಳಷ್ಟು ಸಲ ಕಳಚಿಯೇ ಇಡುತ್ತಿದ್ದರು. ಹುಡುಗರು ನೆಲದ ಮೇಲೆ ಕೂತು ಹೋದರು. ಪೈಲಟ್ ಸೀಟು ಅಂತ, ಬೆನ್ನ ಹಿಂದೆ ಎರಡು ಕಂಬಗಳ ಮೇಲೆ ಕೆಳಕ್ಕೆ ಜಾರುವಂತೆ ಕೂಡಿಸಿದ ಬಕೆಟ್ ಸೀಟು ತೋರಿಸಿದರೆ ಅದು ವಿಯೆಟ್ನಾಂ ಕಾಲದ ಹ್ಯೂಯಿಯದಲ್ಲ. ನೆಲಕ್ಕೆ ಅಪ್ಪಳಿಸಿದಾಗ ಹೊಡೆತ ಹೀರಿಕೊಳ್ಳುವ ಅಂಥ ಸೀಟು 1979ರಲ್ಲಿ ಸೇವೆಗೆ ಬಂದ ಬ್ಲ್ಯಾಕ್ ಹಾಕ್‌ನಲ್ಲಿದ್ದ ಬಗೆ.

ಮನೆಗೆ ತಂದ ಮೇಲೆ ಕೈ ಸುಮ್ಮನಿರಲಿ. ಮೂಲ ಬಣ್ಣ ಕೆರೆಯಬೇಡ, ಉಜ್ಜಿ ಉಜ್ಜಿ ಮುದ್ರೆ ಅಳಿಸಬೇಡ. ಮೊದಲು ಫೋಟೊ, ಆಮೇಲೆ ಒದ್ದೆ ಬಟ್ಟೆ, ಅಷ್ಟೇ. ಆಫೀಸ್ ಕುರ್ಚಿಯ ಚಕ್ರ ಸಿಗಿಸಲು ಕವಚಕ್ಕೆ ಡ್ರಿಲ್ ಹಿಡಿಯುವವರಿದ್ದಾರಂತೆ! ಸೆರಾಮಿಕ್ ಮುಂದೆ ಬಿಟ್ ಸೋಲುತ್ತದೆ, ಏಳುವ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಹರಿದ ನೈಲಾನ್ ಹೊದಿಕೆಯೊಳಗೆ ಬೆರಳು ತೂರಿಸಿದರೆ ಫೈಬರ್‌ಗ್ಲಾಸ್ ಸಿಬಿರು ಚುಚ್ಚುತ್ತದೆ. ಹಳೆಯ ಬೆಲ್ಟನ್ನು ನಿನ್ನ ಜೀಪಿಗೆ ಹಾಕುವ ಆಲೋಚನೆಯಿದ್ದರೆ ಈಗಲೇ ಬಿಡು.

ಬೆಂಗಳೂರಿಗೆ ಬರುವಾಗ ಹೊತ್ತು ತರುವ ಆಸೆ ಇದ್ದರೆ ಮೊದಲು ವಕೀಲರನ್ನೋ ಕಸ್ಟಮ್ಸ್ ಏಜೆಂಟರನ್ನೋ ವಿಚಾರಿಸು. ಸೇನೆಯ ಹೆಲಿಕಾಪ್ಟರ್ ಭಾಗ, ಅದರಲ್ಲೂ ಕವಚ, ಅಮೆರಿಕದ ರಫ್ತು ನಿರ್ಬಂಧದ ಕಾನೂನಿಗೆ ಸಿಕ್ಕಿಕೊಳ್ಳುವ ವಸ್ತು. ಮನೆಯಲ್ಲಿಟ್ಟುಕೊಳ್ಳುವುದೇ ಬೇರೆ, ಗಡಿ ದಾಟಿಸುವುದೇ ಬೇರೆ. ಇಲ್ಲಿ ಯಾರಾದರೂ ಚೇತಕ್ ಸೀಟು ಕೊಡುತ್ತೇನೆ ಅಂದರೂ ಹರಾಜಿನಲ್ಲಿ ಕೊಂಡ ಕಾಗದ ಕೇಳು. ಚೇತಕ್ ಈಗಲೂ ಹಾರುತ್ತಿದೆ, ಕಾಗದವಿಲ್ಲದ ಸೀಟು ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ನೀನು ಉತ್ತರ ಕೊಡಬೇಕಾದೀತು.

ಮುಂಗಡ ಕೊಡುವ ಮುಂಚೆ ನೇಮ್‌ಪ್ಲೇಟಿನ ಫೋಟೊ ಕಳಿಸು. ಫ್ಲ್ಯಾಶ್ ಹಾಕಬೇಡ, ಅಕ್ಷರ ಹೊಳೆದು ಓದಲು ಬರುವುದಿಲ್ಲ. ಟಾರ್ಚನ್ನು ಪಕ್ಕದಿಂದ ಹಿಡಿ.