ಬಾವಿಯ ನೀರಿನಿಂದ ಊರಿನ ಯೋಜನೆಯವರೆಗೆ

ದಂಪತಿಗಳೇ, ನಿಮ್ಮ ಮನೆಯ ಬಾವಿಯ ನೀರು ಯಾವ ತಿಂಗಳಿನಿಂದ ಉಪ್ಪಾಗುತ್ತದೆಂಬುದನ್ನು ಎಂದಾದರೂ ಬರೆದಿಟ್ಟಿದ್ದೀರಾ? ಊರಿನ ಸುಧಾರಣೆಯ ಯೋಜನೆಯು ಇಂತಹ ಒಂದು ಪ್ರಶ್ನೆಯಿಂದಲೇ ಆರಂಭವಾಗಬಹುದು.

ಸದಾಶಿವಗಡವು ಕಾಳೀ ನದಿಯು ಸಮುದ್ರವನ್ನು ಸೇರುವೆಡೆಯಲ್ಲಿ, ಅದರ ಉತ್ತರ ದಡದಲ್ಲಿದೆ. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಆದರೆ ನದೀಮುಖದಲ್ಲಿ ದಿನಕ್ಕೆರಡು ಬಾರಿ ಭರತಿಯ ನೀರು ಒಳಗೇರುತ್ತದೆ. ಬೇಸಿಗೆಯಲ್ಲಿ ಅಂತರ್ಜಲವು ಇಳಿದಾಗ ದಡದ ಸಮೀಪದ ಬಾವಿಗಳಿಗೆ ಉಪ್ಪು ಸೇರುವುದು ಹೀಗೆಯೇ.

ಉಪ್ಪುನೀರಿನಲ್ಲಿ ಬೇಳೆ ಬೇಯದು, ಸಾಬೂನು ನೊರೆ ಬಿಡದು. ಇವು ಸಣ್ಣ ತೊಂದರೆಗಳು. ಬಾಂಗ್ಲಾದೇಶದ ಖುಲ್ನಾ ಜಿಲ್ಲೆಯ ಕರಾವಳಿಯಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕುಡಿಯುವ ನೀರಿನಲ್ಲಿ ಉಪ್ಪು ಹೆಚ್ಚುವ ಒಣಹವೆಯ ತಿಂಗಳುಗಳಲ್ಲಿ ಗರ್ಭಿಣಿಯರ ರಕ್ತದೊತ್ತಡವು ಏರುವ ಪ್ರಸಂಗಗಳು ಹೆಚ್ಚಾಗಿ ಕಂಡುಬಂದವು. ಇದು ತಾಯಿ ಮತ್ತು ಶಿಶು ಇಬ್ಬರಿಗೂ ಅಪಾಯಕಾರಿ. ಗರ್ಭಿಣಿಗೆ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳ ಬಾವು ಕಂಡುಬಂದರೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಬಾವಿಯನ್ನು ಇನ್ನಷ್ಟು ಆಳಗೊಳಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಸಿಹಿನೀರು ಹಗುರವಾದುದರಿಂದ ಮೇಲೆ ನಿಲ್ಲುತ್ತದೆ, ಉಪ್ಪುನೀರು ಭಾರವಾಗಿ ಕೆಳಗಿರುತ್ತದೆ. ಆಳಕ್ಕೆ ಇಳಿದಷ್ಟೂ, ಪಂಪಿನಿಂದ ಎತ್ತಿದಷ್ಟೂ ಕೆಳಗಿನ ಉಪ್ಪೇ ಮೇಲೇರುವ ಸಂಭವವುಂಟು. ಮೇಲಾಗಿ ಅದು ನಿಮ್ಮ ಬಾವಿಯಲ್ಲಿಯೇ ನಿಲ್ಲದೆ ನೆರೆಯವರ ಬಾವಿಗೂ ಹಬ್ಬುತ್ತದೆ. ಆದುದರಿಂದ ಇದು ಒಂದು ಮನೆಯವರಿಂದ ಪರಿಹಾರವಾಗುವ ವಿಷಯವಲ್ಲ.

ಒಂದು ಸಂಜೆ ನಾಲ್ಕಾರು ಮನೆಯವರು ಸೇರಿ ನಿಮ್ಮ ಕೇರಿಯನ್ನು ಸುತ್ತಿಬನ್ನಿ. ದೊಡ್ಡ ಕಾಗದದಲ್ಲಿ ಕೇರಿಯ ನಕ್ಷೆ ಬರೆದು ಪ್ರತಿಯೊಂದು ಬಾವಿಯನ್ನು ಗುರುತಿಸಿರಿ. ಯಾವುದು ವರ್ಷವಿಡೀ ಸಿಹಿ, ಯಾವುದು ಯಾವ ತಿಂಗಳಿಗೆ ಉಪ್ಪು, ಯಾವ ಶೌಚಾಲಯದ ಗುಂಡಿಯು ಬಾವಿಗೆ 50 ಅಡಿಗಿಂತ ಹತ್ತಿರವಿದೆ, ಎಲ್ಲಿ ಮಳೆನೀರು ಮಡುಗಟ್ಟಿ ಸೊಳ್ಳೆ ಬೆಳೆಯುತ್ತದೆ, ಇವೆಲ್ಲವೂ ಅದರಲ್ಲಿರಲಿ. ನೀರಿನ ರುಚಿಯನ್ನು ಬಲ್ಲವರು ನಿತ್ಯವೂ ನೀರು ಸೇದುವ ಹೆಂಗಸರು. ಪತಿಯಾದವರು ಬರೆದುಕೊಂಡರೆ ಸಾಕು, ಹೇಳುವ ಕೆಲಸವನ್ನು ಪತ್ನಿಗೆ ಬಿಡುವುದು ಲೇಸು.

ಈ ನಕ್ಷೆಯನ್ನು ವಾರ್ಡ್ ಸಭೆಗೆ ಒಯ್ಯಿರಿ. ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ವಾರ್ಡ್ ಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರತಕ್ಕದ್ದು. ಹಾಜರಾದವರಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಶೇಕಡಾ 30ರಷ್ಟು ಮಹಿಳೆಯರಿರಬೇಕು. ಅಲ್ಲಿ ಆದ ತೀರ್ಮಾನವು ಗ್ರಾಮಸಭೆಗೆ ಹೋಗಿ ಗ್ರಾಮ ಪಂಚಾಯತಿಯ ವಾರ್ಷಿಕ ಯೋಜನೆಯನ್ನು ಸೇರುತ್ತದೆ. ಸದಾಶಿವಗಡದವರಿಗೆ ಅದು ಚಿತ್ತಾಕುಲ ಪಂಚಾಯತಿ. "ನೀರು ಕೊಡಿಸಿ" ಎಂದಷ್ಟೇ ಬೇಡಿದರೆ ಅರ್ಜಿಯು ಕಡತದಲ್ಲಿ ಉಳಿಯುವುದೇ ಹೆಚ್ಚು. ಎಷ್ಟು ಮನೆ, ಎಷ್ಟು ಬಾವಿ, ಯಾವ ತಿಂಗಳು, ಎಷ್ಟು ಮಂದಿ ಗರ್ಭಿಣಿಯರು ಎಂದು ಲೆಕ್ಕವಿಟ್ಟು ಕೇಳಿರಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯಲ್ಲಿಯೂ ಆಶಾ ಕಾರ್ಯಕರ್ತೆಯ ಮೂಲಕ ಇದನ್ನು ಮಂಡಿಸಬಹುದು.

ಸರಕಾರದ ಹಣಕ್ಕೆ ಕಾಯದೆ ಆಗುವ ಕೆಲಸವೂ ಇದೆ. 50 ಚದರ ಮೀಟರಿನ ಹಂಚಿನ ಮಾಡಿನ ಮೇಲೆ ಒಂದು ಮಳೆಗಾಲದಲ್ಲಿ ಸುಮಾರು ಒಂದೂವರೆ ಲಕ್ಷ ಲೀಟರ್ ನೀರು ಬೀಳುತ್ತದೆ. ಮೊದಲ ಮಳೆಯ ಕೊಳೆನೀರನ್ನು ಹೊರಬಿಟ್ಟು, ಉಳಿದುದರಲ್ಲಿ ಒಂದು ಪಾಲನ್ನು ಮರಳು ಮತ್ತು ಜಲ್ಲಿಯ ಸೋಸುಗುಂಡಿಯ ಮೂಲಕ ಬಾವಿಗೆ ಬಿಟ್ಟರೂ ಸಿಹಿನೀರಿನ ಪದರಕ್ಕೆ ಬಲ ಬರುತ್ತದೆ. ಕುಡಿಯುವ ನೀರನ್ನು ಮಾತ್ರ ಕುದಿಸಿಯೇ ಬಳಸಿರಿ. ಆದರೆ ಕುದಿಸುವುದರಿಂದ ಉಪ್ಪು ಹೋಗದೆಂಬುದು ನೆನಪಿರಲಿ.

ಇನ್ನೊಂದು ವಿಷಯವುಂಟು. 2024ರ ಆಗಸ್ಟ್ 7ರ ನಡುರಾತ್ರಿ, ಕಾರವಾರಕ್ಕೂ ಸದಾಶಿವಗಡಕ್ಕೂ ನಡುವೆ ಕಾಳೀ ನದಿಯ ಹಳೆಯ ಸೇತುವೆಯು ಕುಸಿದುಬಿತ್ತು. ಜಿಲ್ಲಾ ಕೇಂದ್ರದ ಆಸ್ಪತ್ರೆಯಿರುವುದು ಆಚೆ ದಡದಲ್ಲಿ. ಪಕ್ಕದಲ್ಲಿ ಹೊಸ ಸೇತುವೆಯಿದ್ದುದು ಅದೃಷ್ಟವೇ ಸರಿ. ಹೆರಿಗೆಯ ನೋವು ರಾತ್ರಿ ಬಂದರೆ 108ರ ವಾಹನವು ತಡವಾದಲ್ಲಿ ಯಾರ ರಿಕ್ಷಾ ಸಿಗುತ್ತದೆ, ಹಣ ಯಾರ ಬಳಿ, ಜೊತೆಗೆ ಹೋಗುವವರು ಯಾರು, ಮನೆಯ ಮಕ್ಕಳನ್ನು ನೋಡುವವರು ಯಾರು ಎಂಬುದನ್ನು ಏಳನೆಯ ತಿಂಗಳೊಳಗೇ ದಂಪತಿಗಳು ಕುಳಿತು ಗೊತ್ತುಮಾಡಿಕೊಳ್ಳಬೇಕು. ಕೇರಿಯಲ್ಲಿ ರಾತ್ರಿ ವಾಹನ ಕೊಡಲೊಪ್ಪಿದವರ ಹೆಸರುಗಳನ್ನು ಮಳೆ ಹಿಡಿಯುವ ಮೊದಲೇ ಅಂಗನವಾಡಿಯ ಗೋಡೆಯ ಮೇಲೆ ಬರೆಯಿಸಿರಿ.